ಗೀವರ್ ಗಣಿಯ ಬಟ್ಟೆಮನೆ

ಪೆನ್ಜಾನ್ಸ್‌ನಲ್ಲಿ ಬಸ್ ಹತ್ತಿದಾಗ ಸುಮ್ನೆ ಹನಿಯುತ್ತಿದ್ದ ಮಳೆ, ಪೆಂಡೀನ್ ಬರುವಷ್ಟರಲ್ಲಿ ಜಡಿಮಳೆಯೇ ಆಗಿತ್ತು. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಇದು. ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲೇ ಗೀವರ್ ಎಂಬ ತವರದ ಗಣಿ ಇದೆ. ಈಗ ಅದು ಮ್ಯೂಸಿಯಂ. ಗಾಳಿಗೆ ಕೊಡೆ ತಿರುಗಿಕೊಂಡಿತು. ಅದನ್ನು ಬ್ಯಾಗಿಗೆ ತುರುಕಿ ನೆನೆದುಕೊಂಡೇ ಒಳಗೆ ಓಡಿದೆ.

ನಾನು ಬಂಗಾರಪೇಟೆಯವನು. ಕೆಜಿಎಫ್ ನಮಗೆ ಪಕ್ಕದ ಊರು. 1880ರಲ್ಲಿ ಅಲ್ಲಿಗೆ ಕಾಲಿಟ್ಟ ಜಾನ್ ಟೇಲರ್ ಕಂಪನಿಯ ಕೈಕೆಳಗೆ ಕಾರ್ನ್‌ವಾಲಿನ ನುರಿತ ಗಣಿ ಕೆಲಸಗಾರರು ಬಂದು ದುಡಿದರು. ಅವರ ಊರನ್ನು ಒಮ್ಮೆ ನೋಡಬೇಕು ಅನ್ನೋ ಆಸೆ ನನಗೆ ತುಂಬಾ ದಿನದಿಂದ ಇತ್ತು.

ಮೊದಲು ಅದಿರು ಅರೆಯುವ ಮಿಲ್. ಅಲ್ಲಿ ಸ್ವಲ್ಪ ಓರೆಯಾಗಿ ನಿಲ್ಲಿಸಿದ, ಮೈತುಂಬಾ ಸಣ್ಣ ಗೆರೆಗಳಿರುವ ದೊಡ್ಡ ಮೇಜುಗಳಿವೆ. ಅರೆದ ಕಲ್ಲನ್ನು ನೀರಿನ ಜೊತೆ ಹರಿಬಿಟ್ಟು ಮೇಜನ್ನು ಅಲುಗಾಡಿಸುತ್ತಿದ್ದರು. ಹಗುರ ಮರಳು ನೀರಿನ ಜೊತೆ ಕೊಚ್ಚಿ ಹೋಗುತ್ತದೆ, ಭಾರದ ತವರದ ಅದಿರು ಗೆರೆಗಳ ಸಂದಿಯಲ್ಲಿ ಉಳಿಯುತ್ತದೆ. ನಮ್ಮ ಅಮ್ಮ ಅಕ್ಕಿ ಗಾಲಿಸಿ ಕಲ್ಲು ಬೇರೆ ಮಾಡುವುದೂ ಇದೇ ಅಲ್ವಾ? ವ್ಯತ್ಯಾಸ ಇಷ್ಟೇ, ಇಲ್ಲಿ ತಳದಲ್ಲಿ ಉಳಿದದ್ದೇ ಬೇಕಾದದ್ದು.

ಆಮೇಲೆ ಹೆಲ್ಮೆಟ್ ಹಾಕಿಕೊಂಡು ವೀಲ್ ಮೆಕ್ಸಿಕೋ ಸುರಂಗಕ್ಕೆ ಇಳಿದೆವು. ಕಾರ್ನಿಷ್ ಭಾಷೆಯಲ್ಲಿ ವೀಲ್ ಅಂದರೆ ಗಣಿ. 18ನೇ ಶತಮಾನದಲ್ಲಿ ಕೊರೆದದ್ದು. ನಡು ಬಗ್ಗಿಸಿಯೇ ನಡೆಯಬೇಕು. ಗೋಡೆಯಿಂದ ನೀರು ಜಿನುಗುತ್ತದೆ. ಆಗಿನವರು ಟೋಪಿಗೆ ಜೇಡಿಮಣ್ಣಿನ ಮುದ್ದೆ ಮೆತ್ತಿ, ಅದರಲ್ಲಿ ಮೇಣದಬತ್ತಿ ಚುಚ್ಚಿಕೊಂಡು ಕಲ್ಲು ಒಡೆಯುತ್ತಿದ್ದರಂತೆ. ಈ ಸೀಮೆಯ ಗಣಿಗಳು ಸಮುದ್ರದ ತಳಕ್ಕಿಂತ ಕೆಳಗೂ ಹೋಗಿದ್ದವು. ಹತ್ತಿರದ ಬೊಟಾಲಕ್ ಗಣಿಯಲ್ಲಿ ಬಿರುಗಾಳಿಯ ದಿನ ತಲೆಯ ಮೇಲೆ ಸಮುದ್ರದ ಬಂಡೆಗಳು ಉರುಳುವ ಸದ್ದು ಕೇಳುತ್ತಿತ್ತಂತೆ. ಹೊರಗಿನ ಮಳೆಗಾಳಿ ನೆನೆದು ನನಗೆ ಮೈ ಜುಮ್ಮೆಂದಿತು.

ಆದರೆ ಜಾಸ್ತಿ ಹೊತ್ತು ನಿಂತದ್ದು 'ಡ್ರೈ'ನಲ್ಲಿ. ಪಾಳಿ ಮುಗಿಸಿ ಮೇಲೆ ಬಂದವರು ಸ್ನಾನ ಮಾಡಿ, ಒದ್ದೆ ಬಟ್ಟೆ ಒಣಗಲು ಬಿಡುತ್ತಿದ್ದ ಮನೆ ಅದು. 1985ರಲ್ಲಿ ತವರದ ಬೆಲೆ ಕುಸಿದು, 1990ರಲ್ಲಿ ಗಣಿ ಮುಚ್ಚಿತು. ಮರುವರ್ಷ ಪಂಪ್‌ಗಳನ್ನೂ ನಿಲ್ಲಿಸಿದರು. ಕೆಳಗೆಲ್ಲ ನೀರು ತುಂಬಿತು. ಆದರೆ ಈ ಕೋಣೆಯನ್ನು ಕೊನೆಯ ದಿನ ಇದ್ದ ಹಾಗೇ ಬಿಟ್ಟಿದ್ದಾರೆ. ಸಾಲು ಲಾಕರ್‌ಗಳು. ಅವುಗಳ ಬಾಗಿಲಿಗೆ ಯಾರೋ ಅಂಟಿಸಿದ ಸ್ಟಿಕ್ಕರ್‌ಗಳು. ಮೊಳೆಗೆ ತಗುಲಿಹಾಕಿದ ಒಂದು ಅಂಗಿಯ ಮೊಣಕೈ ಸವೆದು ತೆಳ್ಳಗಾಗಿತ್ತು. ಗಣಿಯ ನೀರಿನ ಕೆಂಪು ಕಲೆ ಅದರ ನೂಲಿನೊಳಗೇ ಇಳಿದಿತ್ತು. ಅಂಗಿ ಈಗಲೂ ಆ ಮನುಷ್ಯನ ಭುಜದ ಆಕಾರದಲ್ಲೇ ಇತ್ತು.

2001ರ ಫೆಬ್ರವರಿ 28ರಂದು ಕೆಜಿಎಫ್ ಮುಚ್ಚಿದಾಗ ನಮ್ಮ ಬೀದಿಯ ಒಬ್ಬ ಹಿರಿಯರು ಗಣಿಯ ಬೂಟನ್ನು ಹೊಸ್ತಿಲ ಪಕ್ಕ ಬಿಟ್ಟು ಒಳಗೆ ಹೋದರು. ತಿಂಗಳಾದರೂ ಅದನ್ನು ಯಾರೂ ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಅದು ಎಲ್ಲಿ ಹೋಯಿತೋ. ನಾನೇ ಕೇಳಿ ಎತ್ತಿಡಬೇಕಿತ್ತು.

ಗೈಡ್ ಬಂದು, ಯಾವ ಊರು ಅಂತ ಕೇಳಿದರು. ಕೋಲಾರ ಅಂದೆ. ಅವರಿಗೆ ಹೆಸರು ಗೊತ್ತಿತ್ತು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಮಳೆಯೂ ನಿಂತಿರಲಿಲ್ಲ. ನಾನು ಮತ್ತೆ ಆ ಅಂಗಿಯ ಹತ್ತಿರ ಹೋಗಿ ನಿಂತೆ.