ಜೋಳದ ಚೀಲದ ಹಿಂದಿನ ಬೋನು

ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳು ಪಡಸಾಲೆಗೆ ಬಂದವೆಂದರೆ, ಬಾಗಲಕೋಟೆ ಸೀಮೆಯ ಮನೆಗಳಲ್ಲಿ ರಾತ್ರಿ ಕರಕರ ಸದ್ದು ಶುರು. ಇಲಿಯನ್ನು ಜೀವಂತ ಹಿಡಿಯುವ ಹಳೆಯ ಬೋನು ಅಟ್ಟದಿಂದ ಇಳಿಯುತ್ತದೆ. ಬೆಳಗಾದರೆ ತಿಂಡಿ ಖಾಲಿ, ಬಾಗಿಲು ಮಾತ್ರ ತೆರೆದೇ ಇರುತ್ತದೆ. "ಈ ಇಲಿ ಭಾಳ ಶಾಣ್ಯಾ ಐತಿ ನೋಡ್ರಿ" ಅಂತಾರೆ. ಇಲಿಯ ಶಾಣ್ಯಾತನ ಅಲ್ಲ ಅದು. ಆ ಬೋನು ಮಾಡಿದ್ದೇ ದೊಡ್ಡಿಲಿಗೆ, ಮನೆಯ ಸಣ್ಣ ಚಿಟ್ಟಿಲಿಯ ಹಗುರ ಮೈಗೆ ಅದರ ಬಾಗಿಲು ಬೀಳದು.

ಮೊದಲು ಹಿಕ್ಕೆ ನೋಡಬೇಕು. ಜೀರಿಗೆ ಕಾಳಿನಷ್ಟು ಸಣ್ಣದಿದ್ದು ತುದಿ ಚೂಪಾಗಿದ್ದರೆ ಚಿಟ್ಟಿಲಿ. ಶೇಂಗಾ ಬೀಜದಷ್ಟಿದ್ದರೆ ದೊಡ್ಡಿಲಿ. ಅದಕ್ಕೆ ಬೇರೆ ಬೋನು, ಬೇರೆ ತಾಳ್ಮೆ ಬೇಕು.

ಚಿಟ್ಟಿಲಿಯ ತೂಕ ಸುಮಾರು 15ರಿಂದ 20 ಗ್ರಾಂ. ತಟ್ಟೆ ತುಳಿದರೆ ಬಾಗಿಲು ಬೀಳುವ ಬೋನಾದರೆ, ಹಳದಿ ಬಣ್ಣದ ಐದು ರೂಪಾಯಿಯ ಎರಡು ನಾಣ್ಯ ಅದರ ಮೇಲಿಡಿ. ಒಂದೊಂದು ಸುಮಾರು 6 ಗ್ರಾಂ ತೂಗುತ್ತದೆ. ಅಷ್ಟಕ್ಕೇ ಬಾಗಿಲು ಬೀಳಬೇಕು. ತಿಂಡಿ ಸಿಕ್ಕಿಸಿದ ಕೊಂಡಿ ಅಲುಗಿದರೆ ಬಾಗಿಲು ಬೀಳುವ ಬೋನಾದರೆ, ಆ ಕೊಂಡಿ ಕಿರುಬೆರಳು ತಾಗಿದರೆ ಸಾಕು ಅನ್ನುವಷ್ಟು ಹಗುರ ಇರಲಿ. ತುಕ್ಕು ಹಿಡಿದ ಕೊಂಡಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಾಗಿಲಿಗೆ ಸಿಕ್ಕುವ ಅಂಚಿನಲ್ಲಿ ತುಸು ತೇಯ್ದರೆ ಸಲೀಸಾಗುತ್ತದೆ. ಇನ್ನು ಸಂದು. ಪೆನ್ಸಿಲ್ ತೂರುವಷ್ಟು ಜಾಗ, ಅಂದರೆ 6 ಮಿಲಿಮೀಟರ್ ಸಿಕ್ಕರೂ ಮರಿ ಇಲಿ ಪಾರಾಗುತ್ತದೆ. ಸರಳಿನ ಬೋನಿಗೆ ಹೊರಗಿನಿಂದ ಸ್ಟೀಲಿನ ಸೊಳ್ಳೆ ಜಾಳಿಗೆ ಸುತ್ತಿ ತಂತಿಯಿಂದ ಬಿಗಿಯಬೇಕು. ಹೊರಗೆ ನಿಂತೇ ತಿಂಡಿ ಎಳೆದುಕೊಳ್ಳುವುದೂ ಆಗ ತಪ್ಪುತ್ತದೆ.

ತಿಂಡಿಗೆ ಶೇಂಗಾದುಂಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಲ್ಲದ ಅಂಟಿರುವುದರಿಂದ ಕಚ್ಚಿಕೊಂಡು ಓಡಲಾಗದು, ಅಲ್ಲೇ ನಿಂತು ಕೆರೆಯಬೇಕು. ಆ ಕೆರೆತಕ್ಕೆ ಬಾಗಿಲು ಬೀಳುತ್ತದೆ. ಕಡಲೆಕಾಳಿನಷ್ಟು ಸಾಕು, ಕೊಂಡಿಗೆ ಮೆತ್ತಿ ಒತ್ತಿರಿ. ರೊಟ್ಟಿ ಚೂರನ್ನು ಸುಮ್ಮನೆ ಸಿಕ್ಕಿಸಿದರೆ ಎಳೆದುಕೊಂಡು ಹೋಗುತ್ತದೆ. ಚೀಲದ ತುಂಬ ಜೋಳ ಇರುವಾಗ ತಿಂಡಿಗೂ ಸೋಲದ ಇಲಿ ಇರುತ್ತದೆ. ಗೂಡು ಕಟ್ಟುವ ಹೊತ್ತಿನಲ್ಲಿ ಅದಕ್ಕೆ ನೂಲಿನ ಆಸೆ ಹೆಚ್ಚು. ಇಳಕಲ್ಲು, ಗುಳೇದಗುಡ್ಡದಂಥ ನೇಕಾರರ ಊರುಗಳಲ್ಲಿ ನೂಲಿಗೇನು ಬರ? ಹತ್ತಿಯ ಒಂದು ತುಣುಕನ್ನು ಕೊಂಡಿಗೆ ಬಿಗಿಯಾಗಿ ಕಟ್ಟಿ ನೋಡಬೇಕು.

ನಡುಮನೆಯಲ್ಲಿಟ್ಟ ಬೋನು ಖಾಲಿ ಉಳಿಯುವುದೇ ಹೆಚ್ಚು. ಚಿಟ್ಟಿಲಿ ಮೀಸೆ ಸವರುತ್ತ ಗೋಡೆ ಹಿಡಿದೇ ಓಡಾಡುತ್ತದೆ, ಗೂಡಿನಿಂದ 3ರಿಂದ 10 ಮೀಟರ್ ದಾಟುವುದು ಕಡಿಮೆ. ಆದ್ದರಿಂದ ಚೀಲ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ, ಬಾಗಿಲು ಅದರ ದಾರಿಗೆ ಎದುರಾಗುವಂತೆ, ಎರಡು ಮೀಟರಿಗೆ ಒಂದರಂತೆ ಇಡಬೇಕು. ಒಂದೇ ಬೋನಿನಲ್ಲಿ ಕೆಲಸ ಎಳೆಯುತ್ತದೆ. ಮೊದಲ ರಾತ್ರಿಯೇ ಮೂರ್ನಾಲ್ಕು ಇಡುವುದು ಲೇಸು. ದೊಡ್ಡಿಲಿ ಹೊಸ ವಸ್ತುವಿಗೆ ದಿನಗಟ್ಟಲೆ ಹೆದರುತ್ತದೆ, ಚಿಟ್ಟಿಲಿಗೆ ಕುತೂಹಲ. ಎರಡು ರಾತ್ರಿ ಬೀಳದಿದ್ದರೆ ಕಾಯಬೇಡಿ, ಜಾಗ ಬದಲಿಸಿ.

ಬೋನಿನೊಳಗೆ ಒಂದು ಹಿಡಿ ಹಳೇ ಅರಿವೆ, ಒಂದು ಸವತೆಕಾಯಿ ಹೋಳು ಇಡಿ. ಬೆಳಿಗ್ಗೆ ಐದಕ್ಕೇ ನೋಡಲೇಬೇಕು. ಮಾರ್ಚಿನ ನಂತರದ ನಮ್ಮ ಬಿಸಿಲಿಗೆ ತಗಡಿನ ಬೋನು ಒಲೆಯಾಗುತ್ತದೆ. ಜೀವ ಉಳಿಸಲೆಂದು ಇಟ್ಟ ಬೋನಿನಲ್ಲಿ ಪ್ರಾಣಿ ಬೆಂದು ಸಾಯುವುದು ಘೋರ. ಒಮ್ಮೊಮ್ಮೆ ಉದ್ದ ಮೂತಿಯ, ಗಾಟು ವಾಸನೆಯ ಸೊಂಡಿಲಿ ಬಿದ್ದಿರುತ್ತದೆ. ಅದು ಜಿರಳೆ ತಿನ್ನುವ ಪ್ರಾಣಿ, ಕೆಲವೇ ತಾಸಿನ ಹಸಿವನ್ನೂ ತಡೆಯದು. ತಕ್ಷಣ ಹಿತ್ತಲಲ್ಲಿ ಬಿಟ್ಟುಬಿಡಿ.

ಚಿಟ್ಟಿಲಿಯನ್ನು ಹಿತ್ತಲಲ್ಲಿ ಬಿಟ್ಟರೆ ಮರಳಿ ಮನೆಗೇ. ಕೈಗವಸು ಹಾಕಿ, ಬೋನಿಗೆ ಬಟ್ಟೆ ಮುಚ್ಚಿ, ಎರಡು ಮೂರು ಕಿಲೋಮೀಟರ್ ಆಚೆ, ಯಾರ ಹೊಲವೂ ಮನೆಯೂ ಅಲ್ಲದ ಹಳ್ಳದ ಕಂಟಿಯ ಬಳಿ ಬಾಗಿಲೆತ್ತಿ ಸರಿದು ನಿಲ್ಲಿ. ಬಿಡುವ ಮೊದಲು ಹೊಟ್ಟೆ ನೋಡಿ. ಮೊಲೆಯ ಸುತ್ತ ಕೂದಲು ಉದುರಿದ್ದರೆ ಮನೆಯಲ್ಲಿ ಮರಿಗಳಿವೆ. ಚೀಲದ ತಳ, ಕೌದಿಯ ಪೆಟ್ಟಿಗೆ ಹುಡುಕಿ, ಗೂಡನ್ನೂ ತಾಯಿಯ ಜೊತೆಗೇ ಒಯ್ಯಬೇಕು. ಮನೆಯಲ್ಲೇ ಬೆಳೆದ ಇಲಿ ಬಯಲಲ್ಲಿ ಬದುಕುವುದು ಕಷ್ಟವೇ. ಅದಕ್ಕೇ ಬೋನಿಗಿಂತ ಮೊದಲು ಹೊರಗೋಡೆಯ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ತುರುಕಿ ಸಿಮೆಂಟ್ ಮೆತ್ತಬೇಕು, ಬಚ್ಚಲ ಮೋರಿಗೆ ಜಾಳಿಗೆ ಹಾಕಬೇಕು.

ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆಂದ ಮೇಲೆ ಒರೆಸಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಆಮೇಲೆ ರಾತ್ರಿ ಗೋಡೆಯಂಚಿಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿಡಿ. ಮೂರು ಬೆಳಗು ಅದರ ಮೇಲೆ ಹೆಜ್ಜೆ ಕಾಣದಿದ್ದರೆ ಬೋನನ್ನು ತೊಳೆದು ಒಣಗಿಸಿ ಅಟ್ಟಕ್ಕೇರಿಸಬಹುದು.