ಬೀಗ ಹಾಕಿದ ಬೀರುವಿನ ಹಿತ್ತಾಳೆ ಗುಂಡು

"ಅಮ್ಮಾ, ಇವತ್ತು ಸ್ಕೂಲಲ್ಲಿ ಸ್ಖ್ರಾವೆಸಾಂಡೆ ಬಳೆ ತೋರಿಸಿದ್ರು" ಅಂತ ಮಗ ಸೈಕಲ್ ಒಳಗೆ ತಳ್ಳುತ್ತಲೇ ಹೇಳಿದ. ಅವನಿಗೆ ಹದಿಮೂರು ವರ್ಷ. ನಾವಿರುವ ನೆದರ್ಲೆಂಡ್ಸಿನ ಲೈಡನ್ ಊರಿನ ಡಚ್ ಶಾಲೆಯಲ್ಲಿ ಈ ವರ್ಷ ಅವನಿಗೆ ಭೌತಶಾಸ್ತ್ರ ಶುರುವಾಗಿದೆ.

"ಹಾಗಂದ್ರೇನೋ?" ಅಂದೆ.

"ಒಂದು ಹಿತ್ತಾಳೆ ಗುಂಡು, ಒಂದು ಬಳೆ. ತಣ್ಣಗಿದ್ದಾಗ ಗುಂಡು ಬಳೆಯೊಳಗೆ ತೂರುತ್ತೆ. ಕಾಯಿಸಿದ್ರೆ ತೂರಲ್ಲ. ನಾನೇ ಹಿಡ್ಕೊಂಡು ಮಾಡ್ದೆ."

ಅವನು ಕೊನೆಗೆ ಹೇಳಿದ ಆ ಮಾತು ನನಗೆ ನಾಟಿತು. ಯಾಕಂದರೆ ಆ ಗುಂಡು ನನಗೂ ಗೊತ್ತು. ಅರಸೀಕೆರೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂದು ಮರದ ಬೀರು ಇತ್ತು. ಅದರ ಗಾಜಿನ ಬಾಗಿಲ ಹಿಂದೆ ಎರಡನೇ ಅರೆಯಲ್ಲಿ ಆ ಗುಂಡು ಮತ್ತು ಬಳೆ ಕೂತಿದ್ದವು. ಬೀರುವಿಗೆ ಬೀಗ ಹಾಕಿರುತ್ತಿತ್ತು. ಹಾಳಾದರೆ ಲೆಕ್ಕ ಕೊಡಬೇಕು ಅನ್ನುವ ಭಯ ಎಲ್ಲರಿಗೂ. ಮೂರು ವರ್ಷ ಓದಿದೆ, ಆ ಬಾಗಿಲು ತೆಗೆದದ್ದನ್ನು ನಾನು ನೋಡಲೇ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತಗೊಂಡೆ. ನೋಡದೇ ಇದ್ದ ಪ್ರಯೋಗವನ್ನು "ಗಮನಿಸಿದೆವು" ಅಂತ ಬರೆದೆ. ಅದರ ಬೇಸರ ಇಷ್ಟು ವರ್ಷವಾದರೂ ಹೋಗಿಲ್ಲ.

ಆ ಗುಂಡಿಗೆ ಒಬ್ಬ ಮನುಷ್ಯನ ಹೆಸರಿದೆ ಅಂತಲೂ ನಮಗೆ ಯಾರೂ ಹೇಳಿರಲಿಲ್ಲ. ಆ ಮನುಷ್ಯ ಪಾಠ ಮಾಡಿದ ಊರಲ್ಲೇ ನಾನು ಏಳು ವರ್ಷದಿಂದ ಮನೆ ಮಾಡಿಕೊಂಡಿದ್ದೇನೆ.

ವಿಲ್ಲೆಮ್ ಯಾಕೊಬ್ ಸ್ಖ್ರಾವೆಸಾಂಡೆ ಹುಟ್ಟಿದ್ದು 1688ರಲ್ಲಿ. ಆ ಹೆಸರಿನ 'ಖ' ಗಂಟಲಿನಿಂದ ಕೆರೆದು ಬರಬೇಕು, ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಓದಿದ್ದು ಕಾನೂನು. 1715ರಲ್ಲಿ ರಾಯಭಾರಿಗಳ ಜೊತೆ ಕಾರ್ಯದರ್ಶಿಯಾಗಿ ಲಂಡನ್ನಿಗೆ ಹೋದರು. ಅಲ್ಲಿ ನ್ಯೂಟನ್ನರ ಪರಿಚಯವಾಯಿತು. 1717ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ನ್ಯೂಟನ್ನರ ಪುಸ್ತಕವನ್ನು ಗಣಿತ ಚೆನ್ನಾಗಿ ಬಲ್ಲ ಕೆಲವರಷ್ಟೇ ಓದಬಲ್ಲವರಾಗಿದ್ದರು. ಉಳಿದವರಿಗೆ ಅದನ್ನು ಹೇಗೆ ದಾಟಿಸುವುದು? ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸುವುದು. ಸ್ಖ್ರಾವೆಸಾಂಡೆ ಹಿಡಿದ ದಾರಿ ಅದು. ರಾಟೆಗಳು, ಇಳಿಜಾರು ಹಲಗೆಗಳು, ಲೋಲಕಗಳು, ಗಾಳಿ ಹೊರಗೆಳೆಯುವ ಪಂಪು, ಹೀಗೆ ಒಂದೊಂದು ತತ್ವಕ್ಕೂ ಒಂದೊಂದು ಉಪಕರಣ. ಮರ ಮತ್ತು ಹಿತ್ತಾಳೆಯಲ್ಲಿ, ಮೇಜಿನ ಮೇಲೆ ಇಡುವ ಅಳತೆಯಲ್ಲಿ ಮಾಡಿಸಿದರು. 1720ರಲ್ಲಿ ಅವರ ಪಠ್ಯಪುಸ್ತಕ ಬರತೊಡಗಿತು. ಅದರಲ್ಲಿ ಉಪಕರಣಗಳ ಚಿತ್ರ ಎಷ್ಟು ವಿವರವಾಗಿವೆ ಅಂದರೆ, ಒಳ್ಳೆಯ ಕುಶಲಕರ್ಮಿ ಅದನ್ನು ನೋಡಿಕೊಂಡೇ ಇನ್ನೊಂದನ್ನು ಮಾಡಬಹುದು. ಅವರ ಪಾಠ ಕೇಳಲು ಫ್ರಾನ್ಸಿನಿಂದ ವೋಲ್ಟೇರ್ ಕೂಡ ಲೈಡನ್ನಿಗೆ ಬಂದಿದ್ದರು.

ಇವನ್ನು ಮಾಡಿಕೊಟ್ಟವರು ಯಾನ್ ವಾನ್ ಮುಸ್ಸೆನ್‌ಬ್ರೂಕ್. ಇದೇ ಊರಲ್ಲಿ ಅವರ ಮನೆತನದ ಕಾರ್ಖಾನೆ ಇತ್ತು. ಪ್ರೊಫೆಸರ್ ಹೇಳುವುದು, ಯಾನ್ ಮಾಡುವುದು, ಸರಿಹೋಗದಿದ್ದರೆ ಮತ್ತೆ ತಿದ್ದುವುದು. ಹೊರದೇಶದ ವಿಶ್ವವಿದ್ಯಾಲಯಗಳಿಗೂ ಅಲ್ಲಿಂದ ಉಪಕರಣಗಳು ಹೋಗುತ್ತಿದ್ದವು. ಯಾನ್ ಹೆಸರು ನಮ್ಮ ಶಾಲೆಯ ಪಠ್ಯದಲ್ಲಿ ಬರುವುದಿಲ್ಲ. ಬರಬೇಕಿತ್ತು ಅಂತ ನನಗನಿಸುತ್ತದೆ. ಗುಂಡು ಬಳೆಯೊಳಗೆ ಕೂದಲೆಳೆಯ ಅಂತರದಲ್ಲಿ ತೂರಬೇಕಾದರೆ ಅದನ್ನು ಕಡೆದ ಕೈ ಎಂಥದ್ದಿರಬೇಕು ಅಲ್ವಾ?

ಮುಂದಿನ ಭಾನುವಾರವೇ ಈ ಊರಿನ ವಿಜ್ಞಾನದ ಮ್ಯೂಸಿಯಂ ಆದ ಬೂರ್‌ಹಾವೆಗೆ ಹೋದೆವು. ಮನೆಯಿಂದ ಹತ್ತು ನಿಮಿಷದ ಸೈಕಲ್ ದಾರಿ, ಆದರೆ ಏಳು ವರ್ಷದಲ್ಲಿ ನಾನು ಒಳಗೆ ಹೋಗಿರಲಿಲ್ಲ. ಕಟ್ಟಡ ಮೊದಲು ಸನ್ಯಾಸಿನಿಯರ ಮಠ, ಆಮೇಲೆ ಆಸ್ಪತ್ರೆ. ಹರ್ಮನ್ ಬೂರ್‌ಹಾವೆ ಅನ್ನುವ ವೈದ್ಯರು ರೋಗಿಗಳ ಹಾಸಿಗೆ ಪಕ್ಕವೇ ನಿಂತು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದದ್ದು ಇಲ್ಲಿಯೇ. 1742ರಲ್ಲಿ ಸ್ಖ್ರಾವೆಸಾಂಡೆ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯ ಅವರ ಉಪಕರಣಗಳನ್ನೆಲ್ಲ ಕೊಂಡುಕೊಂಡಿತು. ಅದಕ್ಕೇ ಇವತ್ತು ನಾವು ಅವನ್ನು ನೋಡಬಹುದು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಬಳಸಿದ ವಸ್ತುಗಳು ಅಂತ ತಿಳಿಯುತ್ತದೆ. ನನಗೆ ನಮ್ಮಜ್ಜಿಯ ಮನೆಯ ಹಿತ್ತಾಳೆ ಹಂಡೆ, ತೂಗುದೀಪ ನೆನಪಾದವು. ಅದೇ ಬಣ್ಣ.

ಅವರ ಪ್ರಯೋಗಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗುಂಡು–ಬಳೆ ಅಲ್ಲ, ಗುಂಡು–ಜೇಡಿಮಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಚಲಿಸುವ ವಸ್ತುವಿನ 'ಶಕ್ತಿ'ಯನ್ನು ಹೇಗೆ ಅಳೆಯುವುದು ಅಂತ ಆಗ ದೊಡ್ಡ ಜಗಳ. ತೂಕವನ್ನು ವೇಗದಿಂದ ಗುಣಿಸಿದರೆ ಸಾಕು ಅಂತ ನ್ಯೂಟನ್ನರ ಕಡೆಯವರು. ಇಲ್ಲ, ವೇಗವನ್ನು ಎರಡು ಸಲ ಗುಣಿಸಬೇಕು ಅಂತ ಜರ್ಮನಿಯ ಲೈಬ್ನಿಟ್ಸ್ ಕಡೆಯವರು. ಸ್ಖ್ರಾವೆಸಾಂಡೆ ನ್ಯೂಟನ್ನರ ಅಭಿಮಾನಿ. ಒಂದೇ ಅಳತೆಯ, ಆದರೆ ಬೇರೆ ಬೇರೆ ತೂಕದ ಹಿತ್ತಾಳೆ ಗುಂಡುಗಳನ್ನು ಮಾಡಿಸಿದರು. ಅವನ್ನು ಮೆತ್ತಗಿನ ಜೇಡಿಮಣ್ಣಿನ ಮೇಲೆ ಬೇರೆ ಬೇರೆ ಎತ್ತರದಿಂದ ಬಿಟ್ಟರು. ಒಂದು ಗುಂಡು ಇನ್ನೊಂದರ ಎರಡು ಪಟ್ಟು ಭಾರವಿದ್ದರೆ, ಅದನ್ನು ಅರ್ಧ ಎತ್ತರದಿಂದ ಬಿಟ್ಟಾಗ ಎರಡೂ ಗುಳಿ ಸಮ. ವೇಗ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಎತ್ತರದಿಂದ ಬೀಳಬೇಕು ಅನ್ನುವುದು ಗೆಲಿಲಿಯೋ ಕಾಲದಿಂದಲೇ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡಿದರೆ ಲೈಬ್ನಿಟ್ಸ್ ಲೆಕ್ಕವೇ ಸರಿ. ಇದು 1722ರ ಮಾತು. ಸ್ಖ್ರಾವೆಸಾಂಡೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು, ಅದನ್ನು ಬರೆದು ಪ್ರಕಟಿಸಿದರು. ತಾನು ಮೆಚ್ಚಿದ ಗುರುವಿನ ಪಕ್ಷವನ್ನು ಒಂದು ಮುದ್ದೆ ಜೇಡಿಮಣ್ಣಿನ ಮಾತು ಕೇಳಿ ಬಿಡುವುದು ಸುಲಭವಲ್ಲ. ಈ ಪ್ರಯೋಗವನ್ನು 1740ರಲ್ಲಿ ಫ್ರಾನ್ಸಿನ ಎಮಿಲಿ ದು ಶಾತಲೆ ಅನ್ನುವ ಹೆಣ್ಣುಮಗಳು ತನ್ನ ಪುಸ್ತಕದಲ್ಲಿ ಎತ್ತಿ ಹಿಡಿದರು. ಬೈಕಿನ ವೇಗ 30ರಿಂದ 60ಕ್ಕೆ ಹೋದರೆ ಪೆಟ್ಟು ಎರಡಲ್ಲ, ನಾಲ್ಕು ಪಟ್ಟು ಅಂತ ಈಗ ಹೇಳುತ್ತೇವಲ್ಲ, ಆ ಮಾತಿನ ಬೇರು ಇಲ್ಲಿದೆ.

ಮನೆಗೆ ಬಂದಾಗ ಗೌರಿ–ಗಣೇಶನ ಹಬ್ಬಕ್ಕೆ ತಂದ ಜೇಡಿಮಣ್ಣು ಇನ್ನೂ ಉಳಿದಿತ್ತು. ಪ್ರತಿ ವರ್ಷ ಇಲ್ಲಿನ ಕುಂಬಾರಿಕೆ ಸಾಮಾನಿನ ಅಂಗಡಿಯಿಂದ ತಂದು ಮನೆಯಲ್ಲೇ ಗಣಪನನ್ನು ಮಾಡುತ್ತೇವೆ. ಮಗ ಒಂದು ಗಾಜಿನ ಗೋಲಿ ತಂದ. ನಮ್ಮವರು ಸೈಕಲ್ ಸಾಮಾನಿನ ಡಬ್ಬಿಯಿಂದ ಅದೇ ಗಾತ್ರದ ಒಂದು ಸ್ಟೀಲ್ ಗುಂಡು ಹುಡುಕಿ ಕೊಟ್ಟರು. ಅಡುಗೆಮನೆಯ ತಕ್ಕಡಿಯಲ್ಲಿ ಗೋಲಿ 5 ಗ್ರಾಂ, ಸ್ಟೀಲ್ 16 ಗ್ರಾಂ ತೋರಿಸಿತು. ಹತ್ತಿರ ಹತ್ತಿರ ಮೂರು ಪಟ್ಟು. ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ ತಟ್ಟೆಯಲ್ಲಿ ಹರಡಿದೆ. ಸ್ಟೀಲ್ ಗುಂಡನ್ನು 30 ಸೆಂಟಿಮೀಟರಿನಿಂದ ಬಿಟ್ಟೆವು, ಗೋಲಿಯನ್ನು 90ರಿಂದ. ಎರಡು ಗುಳಿಗಳು ಪಕ್ಕಪಕ್ಕದಲ್ಲಿ. ಮಗ ಕಡ್ಡಿ ಇಟ್ಟು ಆಳ ಅಳೆದ. ಹೆಚ್ಚುಕಮ್ಮಿ ಒಂದೇ! ಮುನ್ನೂರು ವರ್ಷದ ಹಿಂದಿನ ಜಗಳ ನಮ್ಮ ಊಟದ ಮೇಜಿನ ಮೇಲೆ ತೀರಿತು. ನಾನು ಇನ್ನೂ ಹತ್ತು ಸಲ ಬಿಟ್ಟೆ. ಮಗನಿಗಿಂತ ಜಾಸ್ತಿ ಖುಷಿ ನನಗೇ.

ಅಲ್ಲಿಂದ ನನಗೆ ಇದೇ ಹುಚ್ಚು ಹಿಡಿಯಿತು. ಲೈಡನ್ ಜಾಡಿಯ ಹೆಸರು ನೀವೆಲ್ಲ ಕೇಳಿರುತ್ತೀರಿ, ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿ. ಅದಕ್ಕೆ ಸಂಬಂಧಪಟ್ಟ ಪೀಟರ್ ವಾನ್ ಮುಸ್ಸೆನ್‌ಬ್ರೂಕ್ ನಮ್ಮ ಯಾನ್ ಅವರ ತಮ್ಮ. 1746ರಲ್ಲಿ ಹೊಡೆದ ಶಾಕಿಗೆ ಬೆದರಿ, ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಂದು ಸಲ ಮುಟ್ಟುವುದಿಲ್ಲ ಅಂತ ಅವರು ಪತ್ರ ಬರೆದರು.

ಹಾರ್ಲೆಮ್ ಊರು ಇಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಅಲ್ಲಿ ನದಿ ದಂಡೆಯ ಮೇಲೆ ಟೈಲರ್ಸ್ ಮ್ಯೂಸಿಯಂ ಇದೆ. 1784ರಿಂದ ತೆರೆದೇ ಇದೆ, ಈ ದೇಶದ ಅತಿ ಹಳೆಯ ಮ್ಯೂಸಿಯಂ. ರೇಷ್ಮೆ ಬಟ್ಟೆ ವ್ಯಾಪಾರದಲ್ಲಿ ದುಡಿದ ಪೀಟರ್ ಟೈಲರ್ ತಮ್ಮ ಹಣವನ್ನು ಕಲೆಗೆ, ವಿಜ್ಞಾನಕ್ಕೆ ಅಂತ ಬಿಟ್ಟುಹೋದರು. ಅಲ್ಲಿರುವ ವಿದ್ಯುತ್ ಯಂತ್ರವನ್ನು ಕತ್‌ಬರ್ಟ್‌ಸನ್ ಅನ್ನುವ ಇಂಗ್ಲಿಷ್ ಕುಶಲಕರ್ಮಿ ಕಟ್ಟಿದ್ದು. ಒಂದೂ ಮುಕ್ಕಾಲು ಗಜಕ್ಕೂ ಮೀರಿದ, ಅಂದರೆ 1.65 ಮೀಟರ್ ಅಗಲದ ಎರಡು ಗಾಜಿನ ಚಕ್ರಗಳು. ಆಳುಗಳು ಹಿಡಿಕೆ ತಿರುಗಿಸಿದರೆ ಗಾಜು ಮೆತ್ತೆಗಳಿಗೆ ಉಜ್ಜಿ ಮೊಳಕ್ಕಿಂತ ಉದ್ದದ ಕಿಡಿ ಹಾರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವಾನ್ ಮಾರುಮ್, ಯಂತ್ರ ತಿರುಗಿದಾಗ ಒಂದು ವಿಚಿತ್ರ ವಾಸನೆ ಬರುತ್ತದೆ ಅಂತ 1785ರಲ್ಲೇ ಬರೆದಿಟ್ಟರು. ಅದು ಓಝೋನ್. ಹೆಸರು ಬಂದದ್ದು 1840ರಲ್ಲಿ. ಹಳೆಯ ಝೆರಾಕ್ಸ್ ಅಂಗಡಿಯಲ್ಲಿ ಮೂಗಿಗೆ ಹೊಡೆಯುತ್ತಿತ್ತಲ್ಲ, ಅದೇ ವಾಸನೆ.

ಇನ್ನು ಈ ದೇಶದ ಉತ್ತರದ ಫ್ರಾನೆಕರ್ ಊರು. 1774ರ ಮೇ ತಿಂಗಳಲ್ಲಿ ಚಂದ್ರ ಮತ್ತು ನಾಲ್ಕು ಗ್ರಹಗಳು ಆಕಾಶದಲ್ಲಿ ಹತ್ತಿರ ಬಂದಾಗ ಪ್ರಳಯವಾಗುತ್ತದೆ ಅಂತ ಅಲ್ಲಿ ಜನ ಹೆದರಿದ್ದರು. ಉಣ್ಣೆ ಬಾಚುವ ಕಸುಬಿನ ಐಸೆ ಐಸಿಂಗಾ ಏಳು ವರ್ಷ ಕೂತು ತಮ್ಮ ಮನೆಯ ನಡುಮನೆಯ ಛಾವಣಿಗೇ ಗ್ರಹಮಂಡಲ ಕಟ್ಟಿದರು, ಮರದ ಚಕ್ರಗಳಿಗೆ ಮೊಳೆಗಳನ್ನೇ ಹಲ್ಲಾಗಿ ಬಡಿದು. 1781ರಲ್ಲಿ ಮುಗಿಯಿತು, ಇವತ್ತಿಗೂ ಓಡುತ್ತಿದೆ. ಅಲ್ಲಿ ಶನಿ ಒಂದು ಸುತ್ತು ಹಾಕಲು 29 ವರ್ಷಕ್ಕೂ ಮೇಲೆ, ನಿಜವಾದ ಶನಿಯ ಹಾಗೆಯೇ. ತಲೆ ಎತ್ತಿ ನೋಡುವಾಗ ನನಗೆ ಅಜ್ಜಿಯದೇ ನೆನಪು. 1962ರ ಫೆಬ್ರವರಿಯ ಅಷ್ಟಗ್ರಹ ಕೂಟದ ದಿನಗಳಲ್ಲಿ ಹೋಮ ಮಾಡಿಸಿದ್ದು, ಮಕ್ಕಳನ್ನು ಹೊರಗೆ ಬಿಡದೇ ಇದ್ದದ್ದು, ಎಲ್ಲವನ್ನೂ ಹೇಳುತ್ತಿದ್ದರು. ಅಜ್ಜಿಗೆ ಈ ಛಾವಣಿ ತೋರಿಸಬೇಕಿತ್ತು.

ತಂಗಿ ಊರಿನ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇದೆಲ್ಲ ಫೋನಿನಲ್ಲಿ ಹೇಳಿದಾಗ ಅವಳು, "ಅಕ್ಕಾ, ನಮ್ಮ ಸ್ಕೂಲಲ್ಲಿ ಗುಂಡಿದೆ, ಬಳೆ ಕಳೆದುಹೋಗಿದೆ" ಅಂದಳು. ನಾನು ಇಲ್ಲಿಂದ ಕಳಿಸುತ್ತೇನೆ ಅಂದೆ. "ಸುಮ್ನೆ ಯಾಕೆ? ಬಸ್‌ಸ್ಟ್ಯಾಂಡ್ ಹಿಂದೆ ಲೇತ್ ಅಂಗಡಿ ಇದೆ" ಅಂದಳು. ಯಾನ್ ಅವರ ಕೆಲಸವನ್ನು ನಮ್ಮೂರ ಲೇತ್‌ನವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ.

ಮೊನ್ನೆ ಅವಳು ಎಂಟನೇ ತರಗತಿಯ ವಿಡಿಯೋ ಕಳಿಸಿದ್ದಾಳೆ. ಒಬ್ಬಳು ಹುಡುಗಿ ಎದ್ದು ಕೇಳುತ್ತಾಳೆ: "ಮಿಸ್, ಗುಂಡಿನ ಬದಲು ಬಳೆ ಕಾಯಿಸಿದ್ರೆ ತೂತು ಚಿಕ್ಕದಾಗುತ್ತಾ, ದೊಡ್ಡದಾಗುತ್ತಾ?" ಅರ್ಧ ತರಗತಿ ಚಿಕ್ಕದಾಗುತ್ತೆ ಅಂತ ಕೂಗಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಇಲ್ಲ ಮಿಸ್, ನಮ್ಮ ತಾತ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿಯೇ ಹಾಕ್ತಿದ್ರು" ಅಂದ. ತಂಗಿ ಏನೂ ಹೇಳಲಿಲ್ಲ. ಕಾದ ಗುಂಡನ್ನು ತಣ್ಣಗಿನ ಬಳೆಯ ಮೇಲಿಟ್ಟಳು, ಅದು ಅಲ್ಲೇ ಕೂತಿತು. ಆಮೇಲೆ ಇಕ್ಕಳದಲ್ಲಿ ಬಳೆಯನ್ನು ಹಿಡಿದು ಅದನ್ನೂ ಕಾಯಿಸಿದಳು. ಗುಂಡು ಸರಕ್ಕನೆ ಕೆಳಗಿಳಿಯಿತು.