ಮೂಲೆಯಲ್ಲೊಂದು ಸೀರೆ

ಅಪ್ಪನ ಹೆಸರಲ್ಲಿ ನಾಲ್ಕಾರು ಕಂಪನಿಗಳ ಷೇರುಗಳಿವೆ. ಕಂಪನಿಯ ನಿರ್ಣಯಗಳಿಗೆ ಷೇರುದಾರರ ಮತ ಕೇಳುವ ಇ-ವೋಟಿಂಗ್ ಮೇಲ್ ಬಂದಾಗ ಅವರನ್ನು ಕೇಳಿ, ಒಟಿಪಿ ಹಾಕಿ, ಮತ ಒತ್ತುವ ಕೆಲಸ ನನ್ನದು. ಹಾಗಾಗಿ ವಾರ್ಷಿಕ ವರದಿಗಳನ್ನೂ ತಿರುವಿ ಹಾಕುತ್ತೇನೆ. ಲೆಕ್ಕಪತ್ರ ಅಷ್ಟಾಗಿ ತಲೆಗೆ ಹತ್ತುವುದಿಲ್ಲ, ನಿರ್ದೇಶಕರ ಫೋಟೋ ಇರುವ ಪುಟ ಮಾತ್ರ ತಪ್ಪದೆ ನೋಡುತ್ತೇನೆ. ಕೋಟು ತೊಟ್ಟ ಏಳೆಂಟು ಗಂಡಸರು, ಹೆಚ್ಚಿನವರದು ನರೆತ ತಲೆ, ಮೂಲೆಯಲ್ಲೊಂದು ಸೀರೆ.

ಆ ಒಂದು ಸೀರೆಯೂ ಸುಮ್ನೆ ಬಂದದ್ದಲ್ಲ. ಷೇರುಪೇಟೆಯಲ್ಲಿರುವ ಕಂಪನಿಯ ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಒಬ್ಬ ಮಹಿಳೆಯಾದರೂ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳಿತು. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 2014ರ ಅಕ್ಟೋಬರ್ 1ರ ಗಡುವು ಕೊಟ್ಟು, ಆಮೇಲೆ ಅದನ್ನು 2015ರ ಏಪ್ರಿಲ್ 1ಕ್ಕೆ ತಳ್ಳಿತು. ಅಷ್ಟು ಹೊತ್ತು ಸಿಕ್ಕರೂ ಎಷ್ಟೋ ಕಂಪನಿಗಳು ಮಾಲೀಕರ ಮನೆಯ ಹೆಂಡತಿ, ಮಗಳು, ಸೊಸೆಯನ್ನೇ ತಂದು ಕೂರಿಸಿದವು. ಅವರು ಜಾಣೆಯರಲ್ಲ ಅಂತ ಹೇಳುತ್ತಿಲ್ಲ, ಆದರೆ ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಒಪ್ಪಿದ್ದನ್ನು ಬೆಳಿಗ್ಗೆ ಬೋರ್ಡಿನಲ್ಲಿ ಕೂತು ಬೇಡ ಅನ್ನೋದು ಕಷ್ಟ ಅಲ್ವಾ? ಇದು ಸೆಬಿಗೂ ಗೊತ್ತಾಗಿರಬೇಕು. ದೊಡ್ಡ 500 ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, 1000 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ ಒಬ್ಬ ಸ್ವತಂತ್ರ ನಿರ್ದೇಶಕಿ, ಅಂದರೆ ಮಾಲೀಕರ ಮನೆಯವಳಲ್ಲದ ನಿರ್ದೇಶಕಿ, ಇರಲೇಬೇಕು ಎಂದಿತು. ನನ್ನ ಮಟ್ಟಿಗೆ ಕೆಲಸಕ್ಕೆ ಬರುವ ನಿಯಮ ಅದೇ.

ಹೆಂಗಸರು ಬಂದರೆ ಲಾಭ ಜಾಸ್ತಿ ಆಗುತ್ತಾ? ನಾರ್ವೆಯಲ್ಲಿ 2003ರಲ್ಲೇ 40% ಮೀಸಲಾತಿಗೆ ಕಾನೂನು ಬಂತು, 2008ರ ಹೊತ್ತಿಗೆ ಕಂಪನಿಗಳು ಅದನ್ನು ಪಾಲಿಸಬೇಕಾಯಿತು. ಅದರಿಂದ ಕಂಪನಿಗಳ ಬೆಲೆ ಇಳಿಯಿತು, ಬಂದವರಿಗೆ ವಯಸ್ಸೂ ಅನುಭವವೂ ಕಡಿಮೆ ಇತ್ತು ಎಂದು 2012ರಲ್ಲಿ ಒಂದು ಅಧ್ಯಯನ ಹೇಳಿತು. ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದ ಬೇರೆಯವರಿಗೆ ಅಂಥ ನಷ್ಟವೇನೂ ಕಾಣಲಿಲ್ಲ. ಅಲ್ಲ, ಲಾಭ ತಂದರೆ ಮಾತ್ರ ಕುರ್ಚಿ ಅಂತ ಆ ಏಳೆಂಟು ಕೋಟುಗಳಿಗೆ ಯಾರಾದರೂ ಷರತ್ತು ಹಾಕಿದ್ದರಾ?

ವಯಸ್ಸಿಗೂ ಒಂದು ನಿಯಮವಿದೆ. ಕಂಪನಿಯ ದಿನನಿತ್ಯದ ಕೆಲಸದಲ್ಲಿಲ್ಲದ ನಿರ್ದೇಶಕರಿಗೆ 75 ದಾಟಿದರೆ ವಿಶೇಷ ನಿರ್ಣಯ ಬೇಕು, ಅಂದರೆ ಬೇಡ ಅಂದ ಮತಗಳ ಮೂರು ಪಟ್ಟು ಮತ ಬೇಕು. ಈ ಸಲ ಅಂಥದ್ದೊಂದು ಬಂದಿತ್ತು. 76ರ ಹಿರಿಯರು, ಇನ್ನೊಂದು ಅವಧಿಗೆ. 'ಬೇಡ' ಒತ್ತಲಾ ಅಂತ ಕೇಳಿದೆ. ಅಪ್ಪನಿಗೆ 78.

"ನನಗಿಂತ ಚಿಕ್ಕವನು ಕಣೇ, ಇನ್ನೊಂದಷ್ಟು ದಿನ ಇರ್ಲಿ ಬಿಡು" ಅಂದರು. 'ಹೌದು' ಒತ್ತಿದೆ.